ಒಂದೇ ಪಂಕ್ತಿಯ ಊಟ, ಕೆಲವರಿಗಷ್ಟೇ ವಾಂತಿ-ಭೇದಿ: ರಕ್ತದ ಗುಂಪಿನ ಪಾತ್ರವನ್ನು ಅರಿಯುವ ಬಗೆ

ಉಪನಯನವೋ ಗೃಹಪ್ರವೇಶವೋ ಮುಗಿದ ಮರುದಿನ ಮನೆಮಂದಿ ಒಬ್ಬೊಬ್ಬರಾಗಿ ವಾಂತಿ-ಭೇದಿ ಹಿಡಿದು ಮಲಗುವುದು, ಅದೇ ಪಂಕ್ತಿಯಲ್ಲಿ ಕುಳಿತು ಅದೇ ಹುಳಿ, ಅದೇ ಪಾಯಸ, ಅದೇ ಮಜ್ಜಿಗೆ ಉಂಡ ಇನ್ನು ಕೆಲವರು ಏನೂ ಆಗದವರಂತೆ ತೋಟಕ್ಕೆ ಹೋಗಿ ಬರುವುದು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ತುಂಬಿದ ಮನೆಗಳಿಗೆ ಹೊಸತೇನಲ್ಲ. ಓಡಾಡಿಕೊಂಡಿರುವವರನ್ನು ಕುರಿತು ‘ಅವನು ಕಲ್ಲು ತಿಂದರೂ ಕರಗಿಸುತ್ತಾನೆ’ ಎನ್ನುವುದೂ, ಮಲಗಿದವರನ್ನು ನೋಡಿ ಅಡುಗೆಯವರ ಮೇಲೋ ಮೊಸರಿನ ಮೇಲೋ ತಪ್ಪು ಹೊರಿಸುವುದೂ ನಮ್ಮಲ್ಲಿ ರೂಢಿಯಾಗಿದೆ. ಇವೆರಡಕ್ಕೂ ಆಚೆ ಮೂರನೆಯ ಕಾರಣವೊಂದಿದೆ. ಹೊಟ್ಟೆಯನ್ನು ಕೆಡಿಸುವ ಕೆಲವು ವೈರಸ್‌ಗಳು ಕರುಳಿಗೆ ಅಂಟಿಕೊಳ್ಳುವುದು ನಮ್ಮ ರಕ್ತದ ಗುಂಪನ್ನು ನಿರ್ಧರಿಸುವ ಸಕ್ಕರೆಯ ಅಣುಗಳಿಗೇ. ಆ ಅಣುಗಳು ಕರುಳಿನಲ್ಲಿ ಇರಬೇಕೋ ಬೇಡವೋ ಎಂಬುದು ತಂದೆ-ತಾಯಿಯಿಂದ ಬಂದ ವಂಶವಾಹಿಗಳಲ್ಲಿ ಬರೆದಿರುತ್ತದೆ. ಈ ವಿಷಯವನ್ನು ಓದುಗರು ತಮ್ಮ ಮನೆಯ ಮಟ್ಟದಲ್ಲಿ ಹಂತಹಂತವಾಗಿ ಹೇಗೆ ಅರಿತುಕೊಳ್ಳಬಹುದು, ಅರಿತ ಮೇಲೆ ಏನು ಮಾಡಬಹುದು, ಏನನ್ನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಿದೆ.

ಆರಂಭದಲ್ಲಿಯೇ ಒಂದು ಮಾತು. ಶಿವಮೊಗ್ಗ ಜಿಲ್ಲೆಯವರಿಗೆ ವೈರಸ್ ಎಂದೊಡನೆ ನೆನಪಾಗುವುದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ. ಅದು ಉಣ್ಣೆಯ ಕಡಿತದಿಂದ ಬರುವ ಜ್ವರ. ಇಲ್ಲಿ ಹೇಳುವ ಯಾವ ಮಾತೂ ಅದಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಚರ್ಚೆಯಲ್ಲಿರುವವು ಮುಖ್ಯವಾಗಿ ಎರಡು: ನೋರೋವೈರಸ್ ಮತ್ತು ರೋಟಾವೈರಸ್.

ಹಂತ 1: ‘ರಕ್ತದ ಗುಂಪು’ ಎಂಬ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಿ

ಎ, ಬಿ, ಓ ಗುಂಪುಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದರು. ಅದಕ್ಕಾಗಿ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಕ್ತದಲ್ಲಿ ಮೊದಲು ಕಂಡದ್ದರಿಂದ ‘ರಕ್ತದ ಗುಂಪು’ ಎಂಬ ಹೆಸರು ಉಳಿದುಕೊಂಡಿತು. ವಾಸ್ತವದಲ್ಲಿ ಈ ಗುಂಪುಗಳನ್ನು ರೂಪಿಸುವ ಸಕ್ಕರೆಯ ಸರಪಳಿಗಳು ಕೆಂಪು ರಕ್ತಕಣಗಳ ಮೇಲಷ್ಟೇ ಅಲ್ಲದೆ ಬಹಳಷ್ಟು ಜನರ ಎಂಜಲಿನಲ್ಲಿ, ಜಠರ ಮತ್ತು ಕರುಳಿನ ಲೋಳೆಪೊರೆಯಲ್ಲಿ, ತಾಯಿಯ ಹಾಲಿನಲ್ಲಿ ಕೂಡ ಇರುತ್ತವೆ. ಹೊಟ್ಟೆಯ ವೈರಸ್‌ಗೆ ಬೇಕಾದದ್ದು ರಕ್ತದಲ್ಲಿರುವ ಸರಪಳಿಯಲ್ಲ, ಕರುಳಿನ ಒಳಗೋಡೆಯ ಮೇಲಿರುವ ಸರಪಳಿ.

ಸರಪಳಿ ಕಟ್ಟುವ ಕ್ರಮ ಹೀಗಿದೆ. ಮೂಲ ಸರಪಳಿಯ ತುದಿಗೆ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರಿ ‘ಎಚ್’ ಆಂಟಿಜೆನ್ (ಗುಂಪಿನ ಗುರುತಾಗುವ ಅಣು) ಆಗುತ್ತದೆ. ಅದಕ್ಕೆ ಇನ್ನೊಂದು ಸಕ್ಕರೆ ಸೇರಿದರೆ ಎ, ಬೇರೊಂದು ಸೇರಿದರೆ ಬಿ, ಎರಡೂ ಬಗೆಯವು ಇದ್ದರೆ ಎಬಿ, ಯಾವುದೂ ಸೇರದೆ ‘ಎಚ್’ ಹಾಗೆಯೇ ಉಳಿದರೆ ಓ. ಅಂದರೆ ಓ ಗುಂಪು ಎಂದರೆ ಖಾಲಿ ಎಂದರ್ಥವಲ್ಲ; ಅಲ್ಲಿ ‘ಎಚ್’ ಧಾರಾಳವಾಗಿರುತ್ತದೆ. ಈ ಮೊದಲ ಫ್ಯೂಕೋಸನ್ನು ಸೇರಿಸುವ ಕಿಣ್ವಗಳು ಎರಡಿವೆ. ರಕ್ತಕಣಗಳಲ್ಲಿ ಎಫ್‌ಯುಟಿ1 ಎಂಬ ವಂಶವಾಹಿಯ ಕಿಣ್ವ ಈ ಕೆಲಸ ಮಾಡಿದರೆ, ಕರುಳು ಮತ್ತು ಎಂಜಲಿನಲ್ಲಿ ಎಫ್‌ಯುಟಿ2 ಎಂಬ ವಂಶವಾಹಿಯದು ಮಾಡುತ್ತದೆ. ಎಫ್‌ಯುಟಿ2 ಸರಿಯಾಗಿರುವವರನ್ನು ‘ಸೆಕ್ರೆಟರ್’ ಎಂದೂ, ತಂದೆ-ತಾಯಿ ಇಬ್ಬರಿಂದಲೂ ಅದರ ಕೆಟ್ಟ ಪ್ರತಿಯೇ ಬಂದವರನ್ನು ‘ನಾನ್-ಸೆಕ್ರೆಟರ್’ ಎಂದೂ ಪ್ರಯೋಗಾಲಯಗಳಲ್ಲಿ ಕರೆಯುತ್ತಾರೆ. ಜಗತ್ತಿನ ಜನರಲ್ಲಿ ಸುಮಾರು ಐದರಲ್ಲಿ ಒಬ್ಬರು ನಾನ್-ಸೆಕ್ರೆಟರ್ ಎಂದು ಅಂದಾಜಿದೆ. ಅವರ ಚೀಟಿಯಲ್ಲಿ ಎ ಅಥವಾ ಬಿ ಎಂದೇ ಬರೆದಿರುತ್ತದೆ, ರಕ್ತವನ್ನು ಎಂದಿನಂತೆ ಕೊಡಬಹುದು, ಪಡೆಯಬಹುದು. ಆದರೆ ಅವರ ಕರುಳಿನ ಗೋಡೆಯ ಮೇಲೆ ಎ, ಬಿ, ಎಚ್ ಯಾವುದೂ ಇರುವುದಿಲ್ಲ.

ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಡಿಕೆ ಮರವನ್ನು ಗೊನೆ ಕೊಯ್ಯುವ ಕೊನೆಗೌಡ ಹತ್ತಬೇಕಾದರೆ ಕಾಲಿಗೆ ಜಾರದಂತೆ ಹಿಡಿತ ಕೊಡುವ ತಳೆ ಹಾಕಿಕೊಂಡೇ ಹತ್ತಬೇಕಲ್ಲವೇ? ವೈರಸ್‌ಗೆ ಈ ಸಕ್ಕರೆಯೇ ತಳೆ. ತಳೆ ಸಿಗದ ಕಡೆ ಅದು ಜಾರಿ ಮಲದೊಡನೆ ಹೊರಟುಹೋಗುತ್ತದೆ.

ಹಂತ 2: ಮನೆಯ ವಂಶವೃಕ್ಷದಲ್ಲಿ ಎರಡು ಸಾಲು ಬರೆಯಿರಿ

ಒಂದು ಹಾಳೆಯಲ್ಲಿ ಅಜ್ಜ-ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಹೆಸರುಗಳನ್ನು ಬರೆದು, ಪ್ರತಿ ಹೆಸರಿನ ಕೆಳಗೆ ಒಂದು ಸಾಲನ್ನು ಎ, ಬಿ, ಓ ಗುಂಪಿಗೂ ಇನ್ನೊಂದನ್ನು ಸೆಕ್ರೆಟರ್ ಸ್ಥಿತಿಗೂ ಬಿಡಿ. ಮೊದಲ ಸಾಲನ್ನು ತಾಯಿ ಕಾರ್ಡು, ರಕ್ತದಾನದ ಕಾರ್ಡು, ಶಸ್ತ್ರಚಿಕಿತ್ಸೆಯ ಹಳೆಯ ಕಾಗದ, ಶಾಲೆಯ ಗುರುತಿನ ಚೀಟಿ ಇವುಗಳಿಂದ ತುಂಬಿಸಬಹುದು. ಶಾಲೆಯ ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಪೂರ್ತಿ ನಂಬಬೇಡಿ. ಅಮ್ಮ ಹೇಳಿದ್ದನ್ನೇ ಅಲ್ಲಿ ಬರೆದುಕೊಂಡಿರುವುದುಂಟು. ಎರಡನೆಯ ಸಾಲು ಸದ್ಯಕ್ಕೆ ಖಾಲಿಯೇ ಇರಲಿ.

ಈ ಎರಡು ಸಾಲುಗಳು ಒಂದರ ಬೆನ್ನಿಗೊಂದು ಬರುವುದಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ. ಎ, ಬಿ, ಓ ವಂಶವಾಹಿ ಇರುವುದು 9ನೆಯ ವರ್ಣತಂತುವಿನಲ್ಲಿ, ಎಫ್‌ಯುಟಿ2 ಇರುವುದು 19ನೆಯದರಲ್ಲಿ. ಆದ್ದರಿಂದ ‘ನಮ್ಮ ಮನೆಯವರೆಲ್ಲ ಓ, ಹಾಗಾಗಿ ಎಲ್ಲರಿಗೂ ಒಂದೇ ಬಗೆಯ ಹೊಟ್ಟೆ’ ಎಂಬ ಲೆಕ್ಕ ನಿಲ್ಲುವುದಿಲ್ಲ. ಸೆಕ್ರೆಟರ್ ಗುಣ ಪ್ರಬಲವಾದದ್ದು; ಒಂದು ಒಳ್ಳೆಯ ಪ್ರತಿ ಸಾಕು. ತಂದೆ-ತಾಯಿ ಇಬ್ಬರೂ ಸೆಕ್ರೆಟರ್ ಆಗಿದ್ದು, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಅಡಗಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ನಾನ್-ಸೆಕ್ರೆಟರ್ ಆಗುವ ಸಾಧ್ಯತೆ ಇರುತ್ತದೆ. ತಂದೆ-ತಾಯಿ ಇಬ್ಬರೂ ನಾನ್-ಸೆಕ್ರೆಟರ್ ಆದರೆ ಮಕ್ಕಳೆಲ್ಲರೂ ಹಾಗೆಯೇ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯಿದ್ದ ಮನೆತನಗಳಲ್ಲಿ ಒಂದೇ ಅಜ್ಜಿಯ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು; ಅಂಥ ಮನೆಗಳಲ್ಲಿ ಎರಡನೆಯ ಸಾಲು ಹೆಚ್ಚು ಕುತೂಹಲಕರವಾಗಿರುತ್ತದೆ.

ಇಲ್ಲಿಯೇ ‘ಬಾಂಬೆ ಗುಂಪಿನ’ ಬಗ್ಗೆ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದನ್ನೂ ನಾನ್-ಸೆಕ್ರೆಟರ್ ಸ್ಥಿತಿಯನ್ನೂ ಜನ ಒಂದೇ ಎಂದು ತಿಳಿಯುತ್ತಾರೆ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ಈ ಗುಂಪಿನವರಲ್ಲಿ ಎಫ್‌ಯುಟಿ1, ಎಫ್‌ಯುಟಿ2 ಎರಡೂ ಕೆಟ್ಟಿರುತ್ತವೆ. ಆದ್ದರಿಂದ ರಕ್ತದಲ್ಲೂ ‘ಎಚ್’ ಇರುವುದಿಲ್ಲ. ಭಾರತದಲ್ಲಿ ಸುಮಾರು 10,000 ಮಂದಿಗೆ ಒಬ್ಬರು ಹೀಗಿರುತ್ತಾರೆಂದು ಹೇಳಲಾಗುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಓ ಗುಂಪಿನವರಂತೆಯೇ ಕಾಣುತ್ತಾರೆ, ಆದರೆ ಓ ಗುಂಪಿನ ರಕ್ತ ಇವರಿಗೆ ಒಗ್ಗುವುದಿಲ್ಲ. ಬಾಂಬೆ ಗುಂಪಿನ ರಕ್ತವೇ ಬೇಕು. ನಿಮ್ಮ ವಂಶವೃಕ್ಷದಲ್ಲಿ ಎಬಿ ಗುಂಪಿನ ತಂದೆಗೋ ತಾಯಿಗೋ ‘ಓ’ ಗುಂಪಿನ ಮಗು ಎಂದು ಬರೆಯಬೇಕಾಗಿ ಬಂದರೆ ಯಾರ ಮೇಲೂ ಸಂಶಯ ಪಡುವ ಮೊದಲು ಆ ಮಗುವಿನ ರಕ್ತವನ್ನು ರಕ್ತನಿಧಿ ಕೇಂದ್ರದಲ್ಲಿ ‘ಎಚ್’ ಇದೆಯೇ ಎಂದು ತೋರಿಸುವ ‘ಆಂಟಿ-ಎಚ್’ ದ್ರವ ಹಾಕಿ ಪರೀಕ್ಷಿಸಲು ಕೇಳಿ. ಹೊಟ್ಟೆಯ ವೈರಸ್‌ಗಿಂತ ಈ ವಿಷಯ ಮುಖ್ಯ; ಜೀವ ಉಳಿಸುವ ಮಾಹಿತಿ ಇದು.

ಹಂತ 3: ಯಾವ ವೈರಸ್ಸಿಗೆ ಯಾವ ತಳೆ ಎಂದು ತಿಳಿಯಿರಿ

ನೋರೋವೈರಸ್‌ಗೆ ಆ ಹೆಸರು ಬಂದದ್ದು ಅಮೆರಿಕದ ಓಹಾಯೋ ರಾಜ್ಯದ ನಾರ್‌ವಾಕ್ ಊರಿನಿಂದ. ಅಲ್ಲಿನ ಶಾಲೆಯೊಂದರಲ್ಲಿ 1968ರಲ್ಲಿ ಹರಡಿದ ವಾಂತಿ-ಭೇದಿಯ ಮಾದರಿಯಲ್ಲಿ ಆಲ್ಬರ್ಟ್ ಕಪಿಕಿಯಾನ್ 1972ರಲ್ಲಿ ವೈರಸ್ಸನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು. ಅದನ್ನು ಸ್ವಯಂಸೇವಕರಿಗೆ ಕುಡಿಸಿ ನೋಡಿದ ಪ್ರಯೋಗಗಳಲ್ಲಿ ಎಷ್ಟೇ ಕುಡಿಸಿದರೂ ಕೆಲವರಿಗೆ ರೋಗ ಬರಲೇ ಇಲ್ಲ ಎಂಬುದು ವರ್ಷಗಳ ಕಾಲ ಒಗಟಾಗಿತ್ತು. ಮೊದಲು 2002ರಲ್ಲಿ ಎ, ಬಿ, ಓ ಗುಂಪಿನ ಕಡೆಯಿಂದ ಒಂದು ಸುಳಿವು ಸಿಕ್ಕಿತು: ನಾರ್‌ವಾಕ್ ವೈರಸ್ ಓ ಗುಂಪಿನವರಿಗೆ ಹೆಚ್ಚಾಗಿ, ಬಿ ಗುಂಪಿನವರಿಗೆ ಕಡಿಮೆಯಾಗಿ ತಗುಲುತ್ತಿತ್ತು. ಮರುವರ್ಷ, 2003ರಲ್ಲಿ, 77 ಸ್ವಯಂಸೇವಕರ ಮೇಲಿನ ಅಧ್ಯಯನ ಒಗಟನ್ನು ಬಹುಮಟ್ಟಿಗೆ ಬಿಡಿಸಿತು. ಅವರಲ್ಲಿದ್ದ ನಾನ್-ಸೆಕ್ರೆಟರ್‌ಗಳಲ್ಲಿ ಒಬ್ಬರಿಗೂ, ಎಷ್ಟು ಪ್ರಮಾಣ ಕೊಟ್ಟರೂ, ಸೋಂಕು ತಗುಲಲಿಲ್ಲ.

ಇಷ್ಟು ಓದಿ ‘ಬಿ ಗುಂಪು ಒಳ್ಳೆಯದು, ಓ ಗುಂಪು ಕೆಟ್ಟದ್ದು’ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ರಕ್ತದ ಗುಂಪಿಗೆ ತಕ್ಕ ಆಹಾರ, ಗುಂಪಿಗೆ ತಕ್ಕ ಸ್ವಭಾವ ಎಂದೆಲ್ಲ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೂ ಇಂಥ ಅರ್ಧ ಓದೇ ಮೂಲ ಎಂದು ನನಗೆ ಅನ್ನಿಸಿದೆ. ಬಿ ಗುಂಪಿನ ಲಾಭ ಆ ಒಂದು ನಾರ್‌ವಾಕ್ ತಳಿಗೆ ಸಂಬಂಧಿಸಿದ್ದು, ಅದು ಬಿ ಸಕ್ಕರೆಯನ್ನು ಹಿಡಿಯಲಾರದು ಎಂಬ ಕಾರಣಕ್ಕೆ. 1990ರ ದಶಕದ ನಡುಭಾಗದಿಂದ ಲೋಕದಲ್ಲೆಲ್ಲ ಹೆಚ್ಚಾಗಿ ಕಾಣಿಸಿಕೊಂಡದ್ದು ಜಿಐಐ.4 ಎಂಬ ಬೇರೆ ಕವಲು. ಅದರ ತಳಿಗಳು ಎ, ಬಿ, ಎಚ್ ಮೂರನ್ನೂ ಹಿಡಿಯಬಲ್ಲವು. ಕರ್ನಾಟಕದಲ್ಲಿ ಓ ಗುಂಪಿನವರು ಬಹಳ, ಬಿ ಗುಂಪಿನವರೂ ಕಡಿಮೆಯೇನಲ್ಲ, ಜಿಐಐ.4 ಎದುರಾದಾಗ ಇಬ್ಬರಲ್ಲಿ ಯಾರಿಗೂ ಚೀಟಿಯ ಅಕ್ಷರ ರಕ್ಷೆಯಾಗದು. ಅಲ್ಲಿ ಲೆಕ್ಕಕ್ಕೆ ಬರುವುದು ಸೆಕ್ರೆಟರ್ ಸ್ಥಿತಿ ಮಾತ್ರ.

ಅದೂ ಪೂರ್ಣ ರಕ್ಷೆಯಲ್ಲ. ಸ್ನೋ ಮೌಂಟನ್ ಎಂಬ ಜಿಐಐ.2 ತಳಿಯನ್ನು ಸ್ವಯಂಸೇವಕರಿಗೆ ಕೊಟ್ಟು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೆಕ್ರೆಟರ್ ಆಗಿರುವುದಕ್ಕೂ ಸೋಂಕಿಗೂ ನಂಟು ಕಾಣಲಿಲ್ಲ. ಆದ್ದರಿಂದ ನಾನ್-ಸೆಕ್ರೆಟರ್ ಒಬ್ಬರು ಹತ್ತು ವರ್ಷ ನಿಶ್ಚಿಂತೆಯಿಂದಿದ್ದು ಹನ್ನೊಂದನೆಯ ವರ್ಷ ಬೇರೆ ತಳಿ ಬಂದಾಗ ಮಲಗುವುದು ಸಾಧ್ಯ.

ರೋಟಾವೈರಸ್‌ನ ಕತೆ ಇನ್ನೂ ಸ್ವಾರಸ್ಯದ್ದು, ಮತ್ತು ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು 1973ರಲ್ಲಿ ಗುರುತಿಸಿದ ಈ ವೈರಸ್ ಐದು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಗೆ ಮುಖ್ಯ ಕಾರಣ. ಅದರ ಹೊರಮೈಯ ಮುಳ್ಳಿನಂಥ ಪ್ರೋಟೀನಿನ ತುದಿಯೇ ಸಕ್ಕರೆಯನ್ನು ಹಿಡಿಯುವ ಭಾಗ. ಅದರ ಬಗೆಯನ್ನು ‘ಪಿ’ ಸಂಖ್ಯೆಯಿಂದ ಗುರುತಿಸುತ್ತಾರೆ. ಹೆಚ್ಚಾಗಿ ಹರಡುವ ಪಿ8 ಬಗೆ ಸೆಕ್ರೆಟರ್ ಮಕ್ಕಳನ್ನೇ ಹೆಚ್ಚು ಹಿಡಿಯುತ್ತದೆ. ನಾನ್-ಸೆಕ್ರೆಟರ್ ಮಕ್ಕಳಲ್ಲಿ ಪಿ8ರಿಂದ ತೀವ್ರ ಭೇದಿ ಅಪರೂಪ. ಪಿ6 ಬಗೆಗೆ ಈ ಬೇಲಿ ಇಲ್ಲ. ಪಿ11 ಎಂಬುದು ಹುಟ್ಟಿದ ಕೆಲವೇ ದಿನಗಳ ಕೂಸುಗಳಲ್ಲಿ ಕಾಣುವಂಥದ್ದು, ಏಕೆಂದರೆ ಅದು ಹಿಡಿಯುವುದು ಎ, ಬಿ, ಎಚ್ ಆಗುವುದಕ್ಕೂ ಮೊದಲಿನ ಮೂಲ ಸರಪಳಿಯನ್ನು. ಬೆಳೆದ ಮಕ್ಕಳಿಗಿಂತ ನವಜಾತ ಶಿಶುವಿನ ಕರುಳಿನಲ್ಲಿ ಅಂಥ ಸರಪಳಿ ಹೆಚ್ಚಾಗಿರುತ್ತದೆ. ಇಂಥ ಪಿ11 ತಳಿಯೊಂದನ್ನು ಬೆಂಗಳೂರಿನ ಕೂಸುಗಳಿಂದ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿತು. ದೆಹಲಿಯಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳಿಂದ ಪಡೆದ ಇನ್ನೊಂದು ಪಿ11 ತಳಿ, 116ಇ, ಮುಂದೆ ‘ರೋಟಾವ್ಯಾಕ್’ ಎಂಬ ಭಾರತೀಯ ಲಸಿಕೆಯ ಮೂಲವಾಯಿತು.

ಆಸ್ಟ್ರೋವೈರಸ್, ಅಡಿನೋವೈರಸ್‌ಗಳು ಕೂಡ ಹೊಟ್ಟೆ ಕೆಡಿಸುತ್ತವೆ, ಆದರೆ ಅವುಗಳಿಗೆ ಇಂಥ ಖಚಿತ ನಂಟು ಕಂಡುಬಂದಿಲ್ಲ. ಕಾಲರಾ ವೈರಸ್ಸಲ್ಲ, ಬ್ಯಾಕ್ಟೀರಿಯಾ. ಓ ಗುಂಪಿನವರಿಗೆ ಕಾಲರಾ ಬಂದರೆ ತೀವ್ರವಾಗಿ ಬರುತ್ತದೆ ಎಂಬುದು 1970ರ ದಶಕದಿಂದಲೂ ತಿಳಿದಿದೆ. ಓ ಗುಂಪಿನವರು ನೀರಿನಂಥ ಭೇದಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ಅದೊಂದು ಕಾರಣ ಸಾಕು.

ಹಂತ 4: ಮನೆಯಲ್ಲಿ ವಾಂತಿ-ಭೇದಿ ಹರಡಿದಾಗ ದಾಖಲೆ ಇಡಿ

ಪರೀಕ್ಷೆಗೆ ದುಡ್ಡು ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸ ಇದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು. ಒಂದು ಪುಸ್ತಕದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ಯಾವ ಊಟ ಉಂಡರು, ಯಾವ ನೀರು ಕುಡಿದರು, ಮೊದಲ ವಾಂತಿಯೋ ಭೇದಿಯೋ ಯಾವ ದಿನ ಎಷ್ಟು ಗಂಟೆಗೆ ಆಯಿತು, ರೋಗಿಯನ್ನು ಯಾರು ನೋಡಿಕೊಂಡರು ಎಂಬುದನ್ನು ಬರೆಯಿರಿ. ಏನೂ ಆಗದವರ ಹೆಸರನ್ನೂ ತಪ್ಪದೆ ಬರೆಯಬೇಕು. ಈ ಲೆಕ್ಕದಲ್ಲಿ ಅವರೇ ಮುಖ್ಯ.

ಗಂಟೆಯನ್ನು ಬರೆಯುವುದರ ಪ್ರಯೋಜನ ದೊಡ್ಡದು. ಊಟವಾಗಿ ಆರು ಗಂಟೆಯೊಳಗೆ ಹಲವರಿಗೆ ಒಟ್ಟಿಗೆ ವಾಂತಿ ಆರಂಭವಾದರೆ ಅದು ಬಹುಶಃ ಆಹಾರದಲ್ಲಿ ಬ್ಯಾಕ್ಟೀರಿಯಾ ಬಿಟ್ಟ ವಿಷ, ಉದಾಹರಣೆಗೆ ಮಾಡಿಟ್ಟು ಬಹಳ ಹೊತ್ತು ಹಾಗೆಯೇ ಬಿಟ್ಟ ಅನ್ನದ ದೋಷ. ಅಲ್ಲಿ ರಕ್ತದ ಗುಂಪಿನ ಮಾತೇ ಬರುವುದಿಲ್ಲ. ಹನ್ನೆರಡರಿಂದ ನಲವತ್ತೆಂಟು ಗಂಟೆಯ ನಡುವೆ ಒಂದೇ ಗುಂಪಾಗಿ ಬಿದ್ದರೆ ನೋರೋವೈರಸ್ ಇರಬಹುದು, ಎಲ್ಲರಿಗೂ ಒಂದೇ ಮೂಲದಿಂದ ಬಂದಿರಬಹುದು. ಮೊದಲ ರೋಗಿಯ ಬಳಿಕ ಒಂದೆರಡು ದಿನ ಬಿಟ್ಟು ಆರೈಕೆ ಮಾಡಿದವರು, ಅವರ ಬಳಿಕ ಮಕ್ಕಳು ಹೀಗೆ ಸಾಲಾಗಿ ಬಿದ್ದರೆ ಅದು ಕೈಯಿಂದ ಕೈಗೆ ದಾಟಿದ್ದು. ಆಗ ಊಟದ ಮನೆಯವರನ್ನು ದೂರುವುದು ನ್ಯಾಯವಲ್ಲ.

ಒಂದೇ ಬಾರಿಯ ದಾಖಲೆಯಿಂದ ಯಾರನ್ನೂ ನಾನ್-ಸೆಕ್ರೆಟರ್ ಎಂದು ಕರೆಯಲಾಗದು. ಆ ವ್ಯಕ್ತಿ ಪಾಯಸ ಉಂಡಿರಲಿಕ್ಕಿಲ್ಲ, ಬಿಸಿನೀರನ್ನೇ ಕುಡಿದಿರಬಹುದು, ಹಿಂದಿನ ವರ್ಷ ಅದೇ ತಳಿ ಬಂದು ಹೋಗಿ ತಾತ್ಕಾಲಿಕ ರೋಗನಿರೋಧಕ ಶಕ್ತಿ ಉಳಿದಿರಬಹುದು; ಇಲ್ಲವೇ ಸೋಂಕು ತಗುಲಿಯೂ ಲಕ್ಷಣ ಕಾಣಿಸದೆ ವೈರಸ್ಸನ್ನು ಹೊರಬಿಡುತ್ತಿರಬಹುದು. ಈ ಕೊನೆಯ ಸಾಧ್ಯತೆ ಅಪಾಯಕರ, ಏಕೆಂದರೆ ‘ನನಗೇನೂ ಆಗಿಲ್ಲ’ ಎಂದು ಬಡಿಸಲು ನಿಲ್ಲುವವರು ಅವರೇ. ಮೂರು-ನಾಲ್ಕು ಬೇರೆ ಬೇರೆ ಬಾರಿ, ಬೇರೆ ಬೇರೆ ವರ್ಷಗಳಲ್ಲಿ, ರೋಗಿಯ ಬಟ್ಟೆ ಒಗೆದೂ ಆರೋಗ್ಯವಾಗಿ ಉಳಿದ ಅಜ್ಜಿಯೊಬ್ಬರಿದ್ದು, ಅವರ ಮಕ್ಕಳಲ್ಲಿಯೂ ಒಬ್ಬಿಬ್ಬರು ಹಾಗೆಯೇ ಇದ್ದರೆ, ಆಗ ವಂಶವೃಕ್ಷದ ಎರಡನೆಯ ಸಾಲಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು.

ಹಂತ 5: ಪರೀಕ್ಷೆ ಬೇಕೇ ಎಂದು ನಿರ್ಧರಿಸಿ

ಸೆಕ್ರೆಟರ್ ಸ್ಥಿತಿಯನ್ನು ತಿಳಿಯುವ ಹಳೆಯ, ಸರಳ ಪರೀಕ್ಷೆ ಎಂಜಲಿನದು. ಎಂಜಲನ್ನು ಕೊಳವೆಯಲ್ಲಿ ತೆಗೆದು, ಕುದಿಯುವ ನೀರಿನಲ್ಲಿಟ್ಟು ಅದರ ಕಿಣ್ವಗಳನ್ನು ಕೆಡಿಸಿ, ತಿಳಿಯನ್ನು ಬೇರ್ಪಡಿಸಿ, ಅದಕ್ಕೆ ಆಂಟಿ-ಎ, ಆಂಟಿ-ಬಿ ಅಥವಾ ಆಂಟಿ-ಎಚ್ ದ್ರವವನ್ನು ಬೆರೆಸುತ್ತಾರೆ. ಆಮೇಲೆ ತಕ್ಕ ರಕ್ತಕಣಗಳನ್ನು ಹಾಕಿದಾಗ ಅವು ಗುಂಪುಗಟ್ಟದಿದ್ದರೆ ಎಂಜಲಿನಲ್ಲಿದ್ದ ಸಕ್ಕರೆ ಆ ದ್ರವವನ್ನು ಮೊದಲೇ ಹೀರಿಕೊಂಡಿದೆ ಎಂದರ್ಥ, ಅಂದರೆ ವ್ಯಕ್ತಿ ಸೆಕ್ರೆಟರ್, ಗುಂಪುಗಟ್ಟಿದರೆ ನಾನ್-ಸೆಕ್ರೆಟರ್. ಉತ್ತರ ತಲೆಕೆಳಗಾಗಿ ಓದಬೇಕಾದದ್ದರಿಂದ ವೈದ್ಯಕೀಯ ವಿದ್ಯಾರ್ಥಿಗಳೂ ಇಲ್ಲಿ ಎಡವುತ್ತಾರೆ. ಆಂಟಿ-ಎಚ್ ದ್ರವವನ್ನು ಯುಲೆಕ್ಸ್ ಯುರೋಪಿಯಸ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದಿಂದ ತೆಗೆಯುತ್ತಾರೆ. ನೀಲಗಿರಿಯಲ್ಲಿ ಇದೇ ಗಿಡ ಕಳೆಯಾಗಿ ಹಬ್ಬಿ ಅಲ್ಲಿನ ಹುಲ್ಲುಗಾವಲುಗಳಿಗೆ ಕಾಟ ಕೊಡುತ್ತಿದೆ ಎಂಬುದು ಬೇರೆ ಮಾತು.

ಎರಡನೆಯ ದಾರಿ, ಎ, ಬಿ, ಓ ಅಲ್ಲದೆ ಲೂಯಿಸ್ ಎಂಬ ಇನ್ನೊಂದು ಬಗೆಯ ರಕ್ತದ ಗುಂಪನ್ನು ನೋಡುವ ಪರೀಕ್ಷೆ. ಅದರಲ್ಲಿ ಲೂಯಿಸ್-ಎ ಮಾತ್ರ ಕಂಡರೆ ನಾನ್-ಸೆಕ್ರೆಟರ್, ಲೂಯಿಸ್-ಬಿ ಕಂಡರೆ ಸೆಕ್ರೆಟರ್, ಎರಡೂ ಇಲ್ಲದಿದ್ದರೆ ಏನೂ ಹೇಳಲಾಗದು. ಗರ್ಭಿಣಿಯರಲ್ಲಿ ಮತ್ತು ಎಳೆಯ ಮಕ್ಕಳಲ್ಲಿ ಇದನ್ನು ನೆಚ್ಚಬಾರದು, ಏಕೆಂದರೆ ಆ ದಿನಗಳಲ್ಲಿ ರಕ್ತಕಣಗಳ ಮೇಲಿನ ಲೂಯಿಸ್ ಗುರುತು ಮಸುಕಾಗಿರುತ್ತದೆ. ಮೂರನೆಯದು ಎಫ್‌ಯುಟಿ2 ವಂಶವಾಹಿಯನ್ನೇ ಓದುವ ಡಿಎನ್‌ಎ ಪರೀಕ್ಷೆ. ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲಿ ಇವು ದಿನನಿತ್ಯ ನಡೆಯುವ ಪರೀಕ್ಷೆಗಳಲ್ಲ. ಕೇಳಬೇಕಾದರೆ ವೈದ್ಯಕೀಯ ಕಾಲೇಜಿನ ರಕ್ತನಿಧಿ ಕೇಂದ್ರದಲ್ಲಿ ಕೇಳಬೇಕು.

ಕೇಳಲೇಬೇಕೇ? ಬಹುತೇಕ ಮನೆಗಳಿಗೆ ಬೇಡ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ, ಎಚ್ಚರಿಕೆ ಬದಲಾಗುವುದಿಲ್ಲ. ನಾನ್-ಸೆಕ್ರೆಟರ್ ಆಗಿರುವುದು ಎಲ್ಲ ವಿಷಯದಲ್ಲೂ ಲಾಭವೂ ಅಲ್ಲ: ಅಂಥವರಲ್ಲಿ ಮೂತ್ರನಾಳದ ಸೋಂಕು ಮರುಕಳಿಸುವುದು ಮತ್ತು ಕ್ರೋನ್ಸ್ ಎಂಬ ಕರುಳಿನ ದೀರ್ಘರೋಗ ಸ್ವಲ್ಪ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ; ರಕ್ತದಲ್ಲಿ ಬಿ12 ಜೀವಸತ್ವದ ಮಟ್ಟ ಮಾತ್ರ ಅವರಲ್ಲಿ ತುಸು ಹೆಚ್ಚಿರುತ್ತದೆ. ವಿಜ್ಞಾನದ ಕುತೂಹಲಕ್ಕಾಗಿ ಪರೀಕ್ಷಿಸಿಕೊಳ್ಳುವವರು ಮನೆಯ ಹಿರಿಯ ತಲೆಮಾರಿನಿಂದ ಆರಂಭಿಸಿದರೆ ವಂಶವೃಕ್ಷ ಬೇಗ ತುಂಬುತ್ತದೆ.

ಹಂತ 6: ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ

‘ನಮ್ಮ ಮನೆತನಕ್ಕೆ ಭೇದಿ ಅಂಟುವುದಿಲ್ಲ’ ಎಂಬ ನಂಬಿಕೆಯಿಂದ ರೋಟಾ ಲಸಿಕೆಯನ್ನು ಬಿಡುವುದು ದೊಡ್ಡ ತಪ್ಪಾಗುತ್ತದೆ. ಪಿ6ನಂಥ ಬಗೆಗಳಿಗೆ ನಾನ್-ಸೆಕ್ರೆಟರ್ ಆಗಿರುವುದು ಅಡ್ಡಿಯಲ್ಲ ಎಂಬುದನ್ನು ಮೇಲೆ ಕಂಡಿದ್ದೇವೆ. 2016ರಲ್ಲಿ ನಾಲ್ಕು ರಾಜ್ಯಗಳಿಂದ ಆರಂಭವಾದ ಸರ್ಕಾರಿ ರೋಟಾ ಲಸಿಕೆ ಈಗ ಕರ್ನಾಟಕವೂ ಸೇರಿ ದೇಶದಾದ್ಯಂತ ಉಚಿತವಾಗಿ ಸಿಗುತ್ತದೆ. 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಗೆ ಹಾಕುವ ಈ ಲಸಿಕೆಯ ದಿನವನ್ನು ಊರಿನ ಆಶಾ ಕಾರ್ಯಕರ್ತೆಯವರನ್ನು ಕೇಳಿದರೆ ತಿಳಿಸುತ್ತಾರೆ. ಮಳೆಗೆ ಸೇತುವೆ ಮುಳುಗುವ ಹಳ್ಳಿಗಳಲ್ಲಿ ಬಾಣಂತಿಯರು ತವರಿನಲ್ಲಿದ್ದರೆ, ತಾಯಿ ಕಾರ್ಡನ್ನು ಜೊತೆಗೆ ಒಯ್ದು ಅಲ್ಲಿನ ಆರೋಗ್ಯ ಕೇಂದ್ರದಲ್ಲಿಯೇ ಹಾಕಿಸಬಹುದು.

ಪಿ8 ತಳಿಯಿಂದ ಮಾಡಿದ ಲಸಿಕೆ ನಾನ್-ಸೆಕ್ರೆಟರ್ ಶಿಶುಗಳ ಕರುಳಿನಲ್ಲಿ ಅಷ್ಟಾಗಿ ಬೆಳೆಯದೆ ಹೋಗಬಹುದೆಂದು ಕೆಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅದು ಲಸಿಕೆ ತಯಾರಿಸುವವರು ಯೋಚಿಸಬೇಕಾದ ಪ್ರಶ್ನೆ. ಪೋಷಕರು ಅದನ್ನು ಲಸಿಕೆ ಬಿಡಲು ನೆಪ ಮಾಡಿಕೊಳ್ಳಬಾರದು. ಎದೆಹಾಲನ್ನೂ ನಿಲ್ಲಿಸಬಾರದು. ಸೆಕ್ರೆಟರ್ ತಾಯಿಯ ಹಾಲಿನಲ್ಲಿ ಇದೇ ಫ್ಯೂಕೋಸ್ ಸೇರಿದ ಸಕ್ಕರೆಗಳು ತೇಲುತ್ತಿದ್ದು, ಕರುಳಿನ ಗೋಡೆಯನ್ನು ಹಿಡಿಯಬೇಕಾದ ಸೂಕ್ಷ್ಮಜೀವಿಗಳು ಅವನ್ನೇ ಹಿಡಿದು ಮೋಸಹೋಗುತ್ತವೆ ಎಂಬ ವಿವರಣೆ ಇದೆ. ನಾನ್-ಸೆಕ್ರೆಟರ್ ತಾಯಿಯ ಹಾಲಿನಲ್ಲಿ ಅಂಥ ಸಕ್ಕರೆ ತೀರ ಕಡಿಮೆಯಿದ್ದರೂ ರಕ್ಷಣೆ ಕೊಡುವ ಇತರ ಅಂಶಗಳು ಬೇಕಾದಷ್ಟಿವೆ.

ಹಂತ 7: ರೋಗ ಬಂದಾಗ ಗುಂಪನ್ನು ಮರೆತು ನೀರನ್ನು ನೋಡಿ

ವಾಂತಿ-ಭೇದಿ ಆರಂಭವಾದೊಡನೆ ಓಆರ್‌ಎಸ್ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಇಪ್ಪತ್ನಾಲ್ಕು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಅರ್ಧ ಪೊಟ್ಟಣವನ್ನು ಲೋಟಕ್ಕೆ ಅಂದಾಜಿನಲ್ಲಿ ಸುರಿಯುವುದರಿಂದ ಉಪ್ಪು ಹೆಚ್ಚಾಗಿ ಕೂಸುಗಳಿಗೆ ಹಾನಿಯಾಗಬಹುದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಚಮಚದಿಂದ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಆರಂಭಿಸಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆಯನ್ನು 14 ದಿನ, ಎರಡರಿಂದ ಆರು ತಿಂಗಳ ಕೂಸಿಗೆ ಅದರ ಅರ್ಧವನ್ನು ಕೊಡುವ ಕ್ರಮ ನಮ್ಮ ಆರೋಗ್ಯ ಕೇಂದ್ರಗಳಲ್ಲಿದೆ. ದೊಡ್ಡವರಿಗೆ ಉಪ್ಪು ಹಾಕಿದ ಗಂಜಿ ತಿಳಿ, ತೆಳು ಮಜ್ಜಿಗೆ ಒಳ್ಳೆಯವು. ವೈರಸ್ಸಿನ ಭೇದಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಕುಡಿಯಲು ಒಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಳೆ ನಿಲ್ಲಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನೋರೋವೈರಸ್‌ಗೆ ಕೆಲವೇ ಹತ್ತು ಕಣಗಳು ಸಾಕು. ರೋಗಿಯ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಇರುತ್ತವೆ. ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ನಡೆಯದು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯುವುದೇ ಸರಿ. ವಾಂತಿ ಬಿದ್ದ ಜಾಗವನ್ನು ಮೊದಲು ಹಳೆಯ ಬಟ್ಟೆಯಿಂದ ಒರೆಸಿ ತೆಗೆದು, ಬಳಿಕ ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರನ್ನು ಲೀಟರಿಗೆ ಸುಮಾರು 15 ಗ್ರಾಂನಂತೆ ಕದಡಿದ ನೀರಿನಿಂದ ತೊಳೆದು ಹತ್ತು ನಿಮಿಷ ಬಿಡಿ. ಸಗಣಿ ಸಾರಿಸಿದ ನೆಲದಲ್ಲಿ ಇದು ಪೂರ್ತಿ ಫಲಿಸದು, ಆ ಮಣ್ಣನ್ನೇ ಸ್ವಲ್ಪ ಕೆರೆದು ಹೂಳಬೇಕು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಮಳೆಗಾಲದಲ್ಲಿ ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ಜಂಬಿಟ್ಟಿಗೆ ನೆಲದಲ್ಲಿ ಕೊಳಚೆ ಬೇಗ ಇಂಗಿ ಬಾವಿಗೆ ಸೇರುವುದರಿಂದ ಶೌಚದ ಗುಂಡಿ ಬಾವಿಯಿಂದ ಕಡಿಮೆಯೆಂದರೆ 15 ಮೀಟರ್ ದೂರವಿರಬೇಕು.

ಅಡುಗೆ ಮಾಡುವವರಿಗೆ ವಾಂತಿ-ಭೇದಿ ಬಂದಿದ್ದರೆ ನಿಂತ ಮೇಲೂ ಎರಡು ಪೂರ್ಣ ದಿನ ಅವರು ಒಲೆಯ ಬಳಿ ಹೋಗಬಾರದು, ಬಡಿಸಲೂ ನಿಲ್ಲಬಾರದು. ಮಲದಲ್ಲಿ ವೈರಸ್ ಎರಡು ವಾರವೋ ಅದಕ್ಕೂ ಹೆಚ್ಚು ದಿನವೋ ಹೊರಬರುತ್ತಿರುತ್ತದೆ, ಆದ್ದರಿಂದ ಶೌಚದ ಬಳಿಕ ಸೋಪು ಹಚ್ಚುವ ಶಿಸ್ತು ಅಷ್ಟೂ ದಿನ ನಡೆಯಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಇಪ್ಪತ್ತು ಮೂವತ್ತು ಜನ ಒಂದೇ ಅಂಗಳದಲ್ಲಿ ಕುಳಿತಿರುವಾಗ ಎಲ್ಲರೂ ಒಂದೇ ಕೊಡಕ್ಕೆ ಲೋಟ ಅದ್ದಿ ಕುಡಿಯುವ ಬದಲು ಉದ್ದ ಹಿಡಿಕೆಯ ಸೌಟನ್ನು ಇಟ್ಟು, ನೀರು ಮತ್ತು ಮಜ್ಜಿಗೆಯನ್ನು ಕೈ ತೊಳೆದ ಒಬ್ಬರೇ ಬಗ್ಗಿಸಿ ಕೊಡುವ ಏರ್ಪಾಡು ಮಾಡಿ. ಆ ಒಬ್ಬರು ಕಳೆದ ವಾರ ಮಲಗಿದವರಾಗಿರಬಾರದು, ಕಲ್ಲು ತಿಂದು ಕರಗಿಸುವವರೆಂದು ಹೆಸರಾದವರಾದರೂ ಕೈಗೆ ಸೋಪು ಹಚ್ಚದೆ ಕೊಡವನ್ನು ಮುಟ್ಟಬಾರದು.